ನಿಂತ ಕಾರನ್ನು ಎಬ್ಬಿಸುವ ಬಗೆ

ನನಗಾಗ ಅರವತ್ತನಾಲ್ಕು. ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ನಮ್ಮ ಕಡೆ ಹೆಂಗಸರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಸೊಸೆಯ ಮೇಲೆ ಚಾಡಿ ಹೇಳುತ್ತ ಕಟ್ಟೆಯ ಮೇಲೆ ಕೂರುವುದು ರೂಢಿ. ನನಗೆ ಸೊಸೆ ಇಲ್ಲ, ಇರುವುದು ಒಬ್ಬಳೇ ಮಗಳು. ಹಾಗಾಗಿ ಹೊತ್ತು ಹೋಗದೆ ಕಾರು ಕಲಿತಳು ಎಂದು ಊರಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ಅವರಿಗೂ ಹೊತ್ತು ಹೋಗಬೇಕಲ್ಲ.

ಕಾರು ನಡೆಸುವುದು ದೊಡ್ಡ ವಿದ್ಯೆಯೇನಲ್ಲ. ಓಡುತ್ತಿರುವ ಕಾರು ಓಡುತ್ತಲೇ ಇರುತ್ತದೆ. ಅಡ್ಡ ಬರುವ ಕುರಿ, ನಾಯಿ, ಮೂರು ಜನ ಕೂತ ಮೋಟಾರ್ ಸೈಕಲ್ಲು, ಇವನ್ನು ನೋಡಿಕೊಂಡರೆ ಸಾಕು. ವಿದ್ಯೆ ಇರುವುದು ನಿಂತ ಕಾರನ್ನು ಎಬ್ಬಿಸುವುದರಲ್ಲಿ, ಅದೂ ತಡಮಾಡದೆ ಎಬ್ಬಿಸುವುದರಲ್ಲಿ. ಇದನ್ನು ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ, ಒತ್ತಕ್ಷರ ಬಂದಲ್ಲಿ ದಣಿವಾರಿಸಿಕೊಳ್ಳುತ್ತೇನೆ. ತಿದ್ದುವವರು ತಿದ್ದಿಕೊಳ್ಳಲಿ.

ಯೋಚಿಸಿ ನೋಡಿದರೆ ಮನೆಯಲ್ಲಿ ಹೆಂಗಸಿನ ಅರ್ಧ ಕೆಲಸ ನಿಂತದ್ದನ್ನು ಹೊರಡಿಸುವುದೇ. ಬೆಳಿಗ್ಗೆ ಎದ್ದರೆ ಒಲೆ ಹೊರಡಬೇಕು, ಎಮ್ಮೆ ಹೊರಡಬೇಕು, ಹೊಟ್ಟೆನೋವು ಎಂದು ಮಲಗಿದ ಮಗಳು ಶಾಲೆಗೆ ಹೊರಡಬೇಕು. ಎಲ್ಲಕ್ಕಿಂತ ಕಷ್ಟ ನೆಂಟರದು. "ಬರ್ತೀವ್ರಿ, ಹೊರಟ್ವಿ" ಎನ್ನುತ್ತ ಹೊಸ್ತಿಲ ಮೇಲೆ ನಿಂತು ಹೊಸದಾಗಿ ಮಾತು ಶುರು ಮಾಡುತ್ತಾರೆ. ಅವರಿಗೆ ಕೀಲಿ ಹಾಕುವ ತೂತು ಎಲ್ಲಿದೆ ಎಂದು ನನಗೆ ಇವತ್ತಿಗೂ ಸಿಕ್ಕಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ನಿಂತುಹೋದವರು ನಮ್ಮವರು, ಅಂದರೆ ನನ್ನ ಗಂಡ. ಅವರು ಬಸ್ಸಿನ ಡ್ರೈವರಾಗಿದ್ದವರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ದಾರಿಯ ಗುಂಡಿಗಳಿಗೆಲ್ಲ ಅವರ ಗುರುತಿತ್ತು. ರಿಟೈರಾದ ಮೇಲೂ ಗಟ್ಟಿಯಾಗಿಯೇ ಇದ್ದರು. ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಬಾಯಿಯ ಒಂದು ಮೂಲೆ ಬಿದ್ದುಹೋದವು. ಬಾಯಿ ಬೇಗ ಸುಧಾರಿಸಿತು, ಬೈಯಲು ಬೇಕಲ್ಲ. ಕೈ ಅಷ್ಟಿಷ್ಟು ತಿರುಗಿತು. ಕೋಲು ಹಿಡಿದು ಕಾಲೆಳೆಯುತ್ತ ಅಂಗಳದಲ್ಲಿ ಓಡಾಡುವಷ್ಟಾದರು. ಎಡಗಾಲಿನ ಪಾದ ಮಾತ್ರ ಕಟ್ಟಿಗೆ ಕಟ್ಟಿಗೆ.

ಪ್ರತಿ ಸೋಮವಾರ ಹಗರಿಬೊಮ್ಮನಹಳ್ಳಿಗೆ ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ಇದ್ದಳು. ಇವರ ಪಾದಕ್ಕೆ ತನ್ನ ಅಂಗೈ ಕೊಟ್ಟು, "ತಾತ, ನನ್ನ ಕೈ ಒತ್ರಿ, ಜೋರಾಗಿ ಒತ್ರಿ" ಎನ್ನುತ್ತಿದ್ದಳು. ಇವರು ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದರು. ಪಾದ ಅಲುಗುತ್ತಿರಲಿಲ್ಲ. ನನ್ನನ್ನು ಹೊರಗೆ ಕರೆದು ಆ ಹುಡುಗಿ ಒಂದೇ ಮಾತು ಹೇಳಿದಳು: "ಅಜ್ಜಿ, ಇನ್ನೊಂದಿಷ್ಟು ತಿಂಗಳು ಬಿಡದಂಗ ಕರ್ಕೊಂಡು ಬರ್ರಿ. ಈಗ ಎದ್ರ ಎದ್ದಂಗ. ತಪ್ಪಿಸಿದ್ರ ಈ ಪಾದ ಹಿಂಗ ಉಳೀತೈತಿ."

ಬಿಡದಂತೆ ಕರೆದುಕೊಂಡು ಬರುವುದು ಹೇಗೆ? ಅಷ್ಟು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಆಟೋದಲ್ಲಿ ಕೂರಿಸಿದೆ. ಎರಡು ಊರು ದಾಟುವುದರೊಳಗೆ ಆಟೋದವನಿಗೆ ಗೇರು ಹಾಕುವುದನ್ನು ಕಲಿಸಲು ಹೋಗಿ, ಅವನು ಎದುರಾಡಿ, "ನಿಲ್ಲಸಲೇ, ನಿನ್ನ ಗಾಡ್ಯಾಗ ಕುಂದ್ರೋದಕಿಂತ ಹೆಣದ ಗಾಡಿ ಮೇಲು" ಎಂದು ಬಯಲಿನಲ್ಲಿ ಇಳಿದುಬಿಟ್ಟರು. ಬಿಸಿಲಲ್ಲಿ ಜಾಲಿ ಗಿಡದ ಕೆಳಗೆ ಇಬ್ಬರೂ ಕೂತೆವು. ಆಗ ಫೋನ್ ಮಾಡಿದ್ದು ಕೊಟ್ರೇಶನಿಗೆ.

ಕೊಟ್ರೇಶ ನನ್ನ ತಮ್ಮನ ಮಗ, ನನ್ನ ಮಗಳ ಗಂಡನೂ ಅವನೇ. ಎರಡು ಕಡೆಯಿಂದಲೂ ನಾನು ಅವನಿಗೆ ಅತ್ತೆ. ಹಾಗಾಗಿ ಎರಡರಷ್ಟು ಹೇಳಿಸಿಕೊಳ್ಳುತ್ತಾನೆ. ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅಂದಿನಿಂದ ಪ್ರತಿ ಸೋಮವಾರ ಅಂಗಡಿ ಮುಚ್ಚಿ ಬಂದು, ಮಾವನನ್ನು ತನ್ನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿ ಕರೆದುಕೊಂಡು ಹೋಗಿ ತಂದು ಬಿಡುತ್ತಿದ್ದ. ಆದರೆ ಮುಂಗಾರು ಹತ್ತಿರ ಬಂತು. ಬಿತ್ತನೆ ಶುರುವಾದರೆ ಗೊಬ್ಬರದ ಅಂಗಡಿ ಮುಚ್ಚುವುದು ಹೇಗೆ? ಜನ ಬಾಗಿಲು ಒಡೆದಾರು.

"ನಾನ ಕಲಿತೀನಿ ತಗೋ" ಎಂದೆ.

"ಏನು?"

"ಕಾರು."

ಅವನು ನಕ್ಕ. ಮಗಳು ಫೋನಿನಲ್ಲಿ ಅತ್ತಳು. ನಮ್ಮವರು ಎರಡೂ ಮಾಡಲಿಲ್ಲ. "ಎಮ್ಮಿ ಮೈ ತೊಳಿಯೋದಲ್ಲ ಅದು" ಎಂದು ಮಗ್ಗುಲಾದರು.

ಕೊನೆಗೆ ಕೊಟ್ರೇಶ ಕಲಿಯಲೆಂದು ಕಾರನ್ನು ನಮ್ಮ ಅಂಗಳದಲ್ಲೇ ಬಿಟ್ಟ. ಅವನ ಆ ಹಳೆಯ ಕಾರು ಆಟೋಮ್ಯಾಟಿಕ್ಕು, ಗೇರು ತಾನೇ ಹಾಕಿಕೊಳ್ಳುವಂಥದು. ಕ್ಲಚ್ಚು ಇಲ್ಲ. ಅದೊಂದು ನನ್ನ ಪುಣ್ಯ. ನಡುವೆ ಒಂದು ಹಿಡಿಕೆ, ಅದರ ಪಕ್ಕದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ. ನನಗೆ ಕನ್ನಡದ ಅಕ್ಷರವೇ ನೆಂಟರ ಹಾಗೆ, ಕಂಡರೆ ಗುರುತು ಹಿಡಿಯಬೇಕು. ಇಂಗ್ಲಿಷಿನವನ್ನು ಆಕಾರದ ಮೇಲೆ ಹಿಡಿದೆ. ಮೊದಲನೆಯದು ನೆಟ್ಟಗೆ ನಿಲ್ಲಿಸಿದ ಸೌಟು. ಹಿಡಿಕೆ ಸೌಟಿನ ಹತ್ತಿರ ಇದ್ದರೆ ಕಾರು ಅಲುಗುವುದಿಲ್ಲ. ಎರಡನೆಯದು ಅದೇ ಸೌಟಿಗೆ ಒಂದು ಕಾಲು ಬಂದದ್ದು. ಕಾಲು ಹಿಂದಕ್ಕೆ ಒದೆಯುತ್ತದೆ, ಕಾರೂ ಹಿಂದಕ್ಕೆ ಹೋಗುತ್ತದೆ. ಮೂರನೆಯದು ಎರಡು ಗೂಟ, ನಡುವೆ ಓರೆ ಹಗ್ಗ. ಅದರ ಗೊಡವೆ ನನಗೆ ಬೀಳಲಿಲ್ಲ. ನಾಲ್ಕನೆಯದು ದಿನ ತುಂಬಿದ ಬಸುರಿ, ಹೊಟ್ಟೆ ಮುಂದೆ ಮಾಡಿಕೊಂಡು ನಿಂತವಳು. ಮುಂದಕ್ಕೆ ಹೋಗುವುದು ಅವಳೇ.

"ಎಡಗಾಲಿಗೆ ಕೆಲಸಿಲ್ಲ ಅತ್ತಿ" ಎಂದ ಕೊಟ್ರೇಶ. "ಒಳಗ ಮಡಚಿ ಇಡು. ಬೀಗರು ಬಂದಂಗ, ಸುಮ್ಮನ ಕುಂದ್ರಲಿ. ಬಲಗಾಲ ಎರಡೂ ಮಾಡಬೇಕು. ಬ್ರೇಕೂ ಅದ, ಎಕ್ಸಲೇಟರೂ ಅದ."

ಕಲಿತೆ. ಅಂಗಳದಲ್ಲಿ, ಆಮೇಲೆ ಕಣದಲ್ಲಿ, ಆಮೇಲೆ ಊರ ದಾರಿಯಲ್ಲಿ. ನಮ್ಮವರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು ನೋಡುತ್ತಿದ್ದರು. ಕಾರಿನಲ್ಲಿ ಬನ್ನಿ ಎಂದರೆ, "ನಾ ಕುಂದ್ರಂಗಿಲ್ಲ. ನನಗಿನ್ನೂ ಒಂದು ಬದಿ ಚೊಲೊ ಐತಿ" ಎನ್ನುವರು.

ಒಂದು ದಿನದ ಮಾತು ಹೇಳಲೇಬೇಕು. ಹೊರಗಿನಿಂದ ಬಂದು ಅಂಗಳದ ತಟ್ಟಿಬಾಗಿಲ ಮುಂದೆ ಕಾರು ನಿಲ್ಲಿಸಿದೆ. ತಟ್ಟಿ ತೆಗೆಯಬೇಕಲ್ಲ, ಇಳಿದೆ. ನಾನು ಹುಟ್ಟಿದ್ದು ತಂಬ್ರಹಳ್ಳಿಯ ಒಕ್ಕಲು ಮನೆಯಲ್ಲಿ. ಎತ್ತಿನ ಗಾಡಿಯಿಂದ ಇಳಿಯುವಾಗ ಎತ್ತಿಗೆ ಒಂದು ಮಾತು ಹೇಳಿ ಇಳಿಯುವುದು ನಮ್ಮ ರೂಢಿ. ಹೇಳಿದರೆ ಅವು ನಿಲ್ಲುತ್ತವೆ. ಅದೇ ರೂಢಿಯಲ್ಲಿ ಕಾರಿಗೂ "ನಿಂದ್ರು" ಎಂದು ಹೇಳಿ, ಹಿಡಿಕೆಯನ್ನು ಬಸುರಿಯ ಹತ್ತಿರವೇ ಬಿಟ್ಟು ಇಳಿದು ತಟ್ಟಿ ಸರಿಸಿದೆ. ತಿರುಗಿ ನೋಡಿದರೆ ಕಾರು ನನ್ನ ಹಿಂದೆಯೇ ಬರುತ್ತಿದೆ! ಓಡುತ್ತಿಲ್ಲ, ನೀರಿಗೆ ಹೊರಟ ದನದ ಹಾಗೆ ಸಾವಕಾಶ ಬರುತ್ತಿದೆ. ಬ್ರೇಕು ಬಿಟ್ಟರೆ ತಾನೇ ನಡೆಯುವ ಗುಣ ಈ ಜಾತಿಯ ಕಾರಿಗೆ ಇದೆ ಎಂದು ಕೊಟ್ರೇಶ ಹೇಳಿದ್ದ. ನಾನು ಇಷ್ಟು ಶ್ರದ್ಧೆಯಿಂದ ನಡೆಯುತ್ತದೆ ಎಂದುಕೊಂಡಿರಲಿಲ್ಲ. "ನಿಂದ್ರು, ನಿಂದ್ರಲೇ, ಹೋ ಹೋ" ಎನ್ನುತ್ತ ಪಕ್ಕದಲ್ಲಿ ಓಡಿದೆ. ಅದು ನನ್ನನ್ನು ದಾಟಿ, ಅಂಗಳ ದಾಟಿ, ಎಮ್ಮೆಗೆ ಒಟ್ಟಿದ್ದ ಮೇವಿನ ಬಣವೆಗೆ ಮೂತಿ ಹಾಕಿ ನಿಂತಿತು.

ಬೇವಿನ ಗಿಡದ ಕೆಳಗೆ ಒಂದು ಸದ್ದಾಯಿತು. ಲಕ್ವ ಹೊಡೆದಾಗಿನಿಂದ ಅವರು ನಕ್ಕಿರಲಿಲ್ಲ. ಬಾಯಿ ಒಂದು ಕಡೆಗೆ ಹೋಗುತ್ತದೆಂದು ನಾಚಿಕೆ. ಅವತ್ತು ಬಾಯಿ ಎತ್ತ ಬೇಕಾದತ್ತ ಹೋಗಲಿ ಎಂದು ಬಿಟ್ಟು ನಕ್ಕರು.

"ಲೇ ಈರಿ, ಮೇವಿಗೆ ಬಿಟ್ಟಿ, ನೀರಿಗೂ ಬಿಡ. ಬಾಯಾರಿರತೈತಿ."

ನನಗೂ ನಗು ಬಂತು, ಆದರೆ ತೋರಿಸಲಿಲ್ಲ. ತೋರಿಸಿದರೆ ನಾಳೆಯೂ ಹೀಗೇ ಮಾಡು ಎನ್ನುತ್ತಾರೆ.

ಲೈಸೆನ್ಸು ಬಂತು. ಹೇಗೆ ಎಂದು ಕೇಳಬೇಡಿ. ನ್ಯಾಯವಾಗಿಯೇ ಬಂತು, ಒಂದೇ ಸಲಕ್ಕೆ ಬರಲಿಲ್ಲ ಅಷ್ಟೆ. ಪರೀಕ್ಷೆ ಮಾಡಿದವರು ಬಯಲಿನಲ್ಲಿ ಸುತ್ತಿಸಿ ನೋಡಿದರು. ನಮ್ಮೂರ ಹೆದ್ದಾರಿಯ ದಾಟು ಅವರ ಬಯಲಿನಲ್ಲಿ ಇರಲಿಲ್ಲ.

ಆ ದಾಟಿನ ವಿಷಯ ಹೇಳುತ್ತೇನೆ, ಏಕೆಂದರೆ ನನ್ನ ಬುಡಕ್ಕೆ ನೀರು ಬಂದದ್ದು ಅಲ್ಲೇ. ನಮ್ಮ ಊರು ಕೂಡ್ಲಿಗಿ ಹತ್ತಿರ, ಹೆದ್ದಾರಿಯ ಆಚೆ. ಹಗರಿಬೊಮ್ಮನಹಳ್ಳಿ ಕಡೆ ಹೋಗಬೇಕೆಂದರೆ ಊರ ದಾರಿಯಿಂದ ಬಂದು ಹೆದ್ದಾರಿಗೆ ಅಡ್ಡ ದಾಟಬೇಕು. ಮೊದಲು ಬಲಗಡೆಯಿಂದ ಬರುವ ಲಾರಿಗಳ ರಸ್ತೆ. ಅದನ್ನು ದಾಟಿದರೆ ನಡುವೆ ಕಟ್ಟೆ ಒಡೆದ ಜಾಗ, ಒಂದು ಕಾರು ನಿಲ್ಲುವಷ್ಟು. ಆಮೇಲೆ ಎಡಗಡೆಯಿಂದ ಬರುವ ಲಾರಿಗಳ ರಸ್ತೆ. ಲಾರಿಗಳಿಗೆ ನಮ್ಮೂರು ಕಾಣುವುದಿಲ್ಲ. ಅವಕ್ಕೆ ಹೊಸಪೇಟೆ ಗೊತ್ತು, ಚಿತ್ರದುರ್ಗ ಗೊತ್ತು. ನಡುವೆ ಒಬ್ಬ ಮುದುಕಿ ಕಾರಿನಲ್ಲಿ ಕೂತು ಕಾಯುತ್ತಿದ್ದಾಳೆ ಎಂಬುದು ಅವಕ್ಕೆ ಬೇಕಿಲ್ಲ. ಎರಡು ಲಾರಿಗಳ ನಡುವೆ ಒಂದು ಸಂದು ಸಿಗುತ್ತದೆ. ಆ ಸಂದಿನಲ್ಲಿ ಹೊರಟೇಬಿಡಬೇಕು.

ಕೊಟ್ರೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಲ ಹೋದೆ. ಮೆಲ್ಲಗೆ ಒತ್ತಿದೆ. ಕಾರು ಮೆಲ್ಲಗೆ ಹೊರಟಿತು. ಲಾರಿ ಮೆಲ್ಲಗೆ ಬರಲಿಲ್ಲ. ಹೆದರಿ ಬ್ರೇಕು ತುಳಿದು ಹಿಂದೆ ಬಂದೆ. ಎರಡನೇ ಸಲ ಪೂರ್ತಿ ತುಳಿದೆ. ಆಗ ಈ ಕಾರಿನ ಇನ್ನೊಂದು ಗುಣ ತಿಳಿಯಿತು. ತುಳಿದ ಕೂಡಲೇ ಅದು ಹೊರಡುವುದಿಲ್ಲ. ಹೋಗಲೋ ಬೇಡವೋ ಎಂದು ಒಂದು ಉಸಿರು ಯೋಚಿಸುತ್ತದೆ. ಅದು ಯೋಚಿಸುವಾಗ ನಾನು ಗಾಬರಿಯಾಗಿ ಇನ್ನಷ್ಟು ತುಳಿದಿರುತ್ತೇನೆ. ಆಮೇಲೆ ಎಲ್ಲವನ್ನೂ ಸೇರಿಸಿ ಒಂದೇ ಸಲ ಹಾರುತ್ತದೆ. ಹಾರಿತು. ನಾನು ಬೆಚ್ಚಿ ಕಾಲು ತೆಗೆದೆ. ನಡುವಿನ ಜಾಗಕ್ಕೆ ಮೂತಿ ಸೇರಿತು, ಬಾಲ ರಸ್ತೆಯಲ್ಲೇ ಉಳಿಯಿತು. ಲಾರಿಯೊಂದು ಹಾರನ್ನು ಹೊಡೆಯುತ್ತ ಓರೆಯಾಗಿ ತಪ್ಪಿಸಿಕೊಂಡು ಹೋಯಿತು. ಅದರ ಡ್ರೈವರು ಕಿಟಕಿಯಿಂದ ತಲೆ ಹಾಕಿ ನನ್ನ ತವರನ್ನು ನೆನೆದ.

ಕೊಟ್ರೇಶ ಬೆವೆತು ಹೋಗಿದ್ದ. ವಾಪಸು ಬರುವಾಗ ಅವನೇ ನಡೆಸಿದ. ಅಂಗಳದಲ್ಲಿ ಇಳಿದು, ಮಾವನ ಮುಂದೆಯೇ ಹೇಳಿದ:

"ಅತ್ತಿ, ಸಿಟ್ಟಾಗಬ್ಯಾಡ. ನೀ ಕಾರು ನಡಸ್ತಿ, ಇಲ್ಲ ಅನ್ನಂಗಿಲ್ಲ. ಆದ್ರ ಆ ದಾಟು ನಿನ್ನಿಂದ ಆಗಂಗಿಲ್ಲ. ಹರಪನಹಳ್ಳಿಯವರೊಬ್ರು ಈ ಕಾರು ಕೇಳ್ಯಾರ. ಸೋಮವಾರ ಸಂಜಿಗೆ ಬಂದು ಒಯ್ತೀನಿ."

"ಸೋಮವಾರ ಹಗಲು?"

"ಹಗಲು ಅಂಗಡಿ ಬಿಟ್ಟು ಬರಾಕ ಆಗಂಗಿಲ್ಲ. ಒಂದು ವಾರ ತಪ್ಪಿದ್ರ ಏನಾಗತೈತಿ?"

 ಒಂದು ವಾರ ತಪ್ಪಿದರೆ ಮುಂದಿನ ವಾರವೂ ತಪ್ಪುತ್ತದೆ. ಬಿತ್ತನೆ ಮುಗಿದ ಮೇಲೆ ಎನ್ನುತ್ತಾರೆ, ಎಡೆ ಹೊಡೆದು ಕಳೆ ತೆಗೆದ ಮೇಲೆ ಎನ್ನುತ್ತಾರೆ. ಪಾದ ಅಲ್ಲಿಯ ತನಕ ಕಾಯುವುದಿಲ್ಲ. ನಮ್ಮವರ ಮುಖ ನೋಡಿದೆ. ಅವರು ತಮ್ಮ ಎಡಗಾಲನ್ನು ಬಲಗೈಯಿಂದ ಎತ್ತಿ ಇನ್ನೊಂದು ಕಡೆ ಇಟ್ಟುಕೊಳ್ಳುತ್ತಿದ್ದರು, ಗಡಿಗೆ ಸರಿಸಿದ ಹಾಗೆ.

ಅವತ್ತು ರೊಟ್ಟಿ ಬಡಿಯುತ್ತ ಯೋಚಿಸಿದೆ. ನನಗೆ ರೊಟ್ಟಿ ಬಡಿಯುವಾಗ ಮಾತ್ರ ಯೋಚನೆ ಬರುತ್ತದೆ. ಸುಮ್ಮನೆ ಕೂತರೆ ನಿದ್ದೆ ಬರುತ್ತದೆ.

ತಂಬ್ರಹಳ್ಳಿಯಲ್ಲಿ ನಮ್ಮಪ್ಪನದು ಕಪ್ಪು ಮಣ್ಣಿನ ಎರೆ ಹೊಲ. ಮಳೆ ಬಿದ್ದ ಮೇಲೆ ಹೇರು ತುಂಬಿದ ಗಾಡಿ ಎರೆಯಲ್ಲಿ ನಿಂತರೆ ಗಾಲಿ ಮಣ್ಣು ಕಚ್ಚಿಕೊಳ್ಳುತ್ತದೆ. ಅರಿಯದವರು ಬಾರುಕೋಲಿನಿಂದ ಹೊಡೆಯುತ್ತಾರೆ. ಹೊಡೆದರೆ ಒಂದು ಎತ್ತು ಮೊದಲು ಜಿಗಿಯುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ, ನೊಗ ಓರೆಯಾಗುತ್ತದೆ, ಗಾಡಿ ಅಲ್ಲೇ ಇರುತ್ತದೆ. ನಮ್ಮಪ್ಪ ಹೊಡೆಯುತ್ತಿರಲಿಲ್ಲ. ಮೂಗುದಾರದ ಹಗ್ಗ ಬಿಗಿಯಾಗಿ ಎಳೆದು ಹಿಡಿಯುತ್ತಿದ್ದ. ಹಿಡಿದುಕೊಂಡೇ ಎತ್ತುಗಳಿಗೆ ಹುರುಪು ಹಚ್ಚುತ್ತಿದ್ದ, "ಹ್ಞಾಂ, ಹ್ಞಾಂ, ಬಾ ನನ್ನಪ್ಪಾ" ಎಂದು. ಹೋಗಬೇಕು ಎನ್ನುವ ಆಸೆ ಒಂದು ಕಡೆ, ಹಗ್ಗ ಇನ್ನೊಂದು ಕಡೆ. ಎರಡೂ ಎತ್ತು ಹೆಗಲನ್ನು ನೊಗಕ್ಕೆ ಕೊಡುತ್ತಿದ್ದವು. ಬೆನ್ನು ಬಿಲ್ಲಾಗುತ್ತಿತ್ತು, ಗಾಡಿಯ ಮರ ಕಿರ್ ಎನ್ನುತ್ತಿತ್ತು. ಅಷ್ಟಾದ ಮೇಲೆ ಹಗ್ಗ ಸಡಿಲ ಬಿಡುತ್ತಿದ್ದ. ಗಾಡಿ ಎದ್ದುಬರುತ್ತಿತ್ತು. ನಾನು ಹೇರಿನ ಮೇಲೆ ಕೂತು ಇದನ್ನು ಎಷ್ಟು ಸಲ ನೋಡಿದ್ದೇನೋ. ಆಗ ನೋಡಿದ್ದರ ಅರ್ಥ ಈಗ ಒಲೆಯ ಮುಂದೆ ಕೂತಾಗ ತಿಳಿಯಿತು.

ನಾನು ಮಾಡುತ್ತಿದ್ದುದು ಬಾರುಕೋಲಿನ ಕೆಲಸ. ನಿಂತ ಕಾರಿಗೆ ಹೊಡೆಯುತ್ತಿದ್ದೆ. ಅದಕ್ಕೆ ನೊಗಕ್ಕೆ ಹೆಗಲು ಕೊಡಲು ಹೊತ್ತೇ ಕೊಟ್ಟಿರಲಿಲ್ಲ.

ಮರುದಿನ ಕಾರನ್ನು ಬೀಳುಬಿಟ್ಟ ಹೊಲಕ್ಕೆ ಒಯ್ದೆ. ಬೀಗರ ಹಾಗೆ ಸುಮ್ಮನೆ ಕೂತಿದ್ದ ಎಡಗಾಲನ್ನು ಕೆಲಸಕ್ಕೆ ಕರೆದೆ. ಎಡಗಾಲಿನಿಂದ ಬ್ರೇಕು ಬಿಗಿ ಹಿಡಿದೆ, ಅದು ಹಗ್ಗ. ಬಲಗಾಲಿನಿಂದ ಎಕ್ಸಲೇಟರು ಒಂದಿಷ್ಟೇ ಒತ್ತಿದೆ, ಅದು ಹುರುಪು. ಕಾರು ಗುರುಗುಟ್ಟಿತು. ಮೈ ಬಿಗಿಯಿತು. ಬ್ರೇಕು ಬಿಟ್ಟು ಬಲಗಾಲು ಒತ್ತಿದೆ. ಯೋಚನೆ ಗೀಚನೆ ಏನೂ ಇಲ್ಲ, ಹೊರಟೇಬಿಟ್ಟಿತು! ನನ್ನ ತಲೆ ಹಿಂದಿನ ದಿಂಬಿಗೆ ಬಡಿಯಿತು, ಸೆರಗು ಕೊರಳಿಗೆ ಬಂತು.

ಎಡಗಾಲಿಗೆ ಹದ ಇರಲಿಲ್ಲ, ಅದನ್ನೂ ಹೇಳಬೇಕು. ಅದು ಹುಟ್ಟಿದಾಗಿನಿಂದ ಬಲಗಾಲಿನ ಹಿಂದೆ ನಡೆದದ್ದು. ನಿಲ್ಲಿಸುವಾಗ ಎಡಗಾಲೇ ಬ್ರೇಕಿಗೆ ಹೋಗಿ ಅರಿವೆ ಒಗೆಯುವ ಕಲ್ಲಿನ ಮೇಲೆ ಬಿದ್ದ ಹಾಗೆ ಬೀಳುತ್ತಿತ್ತು, ನನ್ನ ಹಣೆ ಸ್ಟೇರಿಂಗಿಗೆ ಹೋಗುತ್ತಿತ್ತು. ಆಗ ಒಂದು ನಿಯಮ ಮಾಡಿದೆ. ಎಡಗಾಲು ಎಬ್ಬಿಸುವಾಗ ಮಾತ್ರ, ಗಾಡಿ ಎದ್ದ ಮೇಲೆ ಮತ್ತೆ ಮಡಚಿಕೊಂಡು ಕೂರಬೇಕು. ನಿಲ್ಲಿಸುವುದು ಬಲಗಾಲಿನ ಕೆಲಸ.

ಸದ್ದು ಕೇಳಿ ಬೇವಿನ ಗಿಡದಿಂದ ಕೂಗು ಬಂತು. ಹೊಲ ಮನೆಯ ಹಿಂದೆಯೇ ಇದೆ. ಅವರ ಕಾಲು ಹೋಗಿತ್ತು, ಕಿವಿ ಹೋಗಿರಲಿಲ್ಲ.

"ಲೇ! ಎರಡೂ ಕಾಲು ಇಟ್ಟೀಯೇನ? ನಿಂತ ಗಾಡಿ ಯಾಕ ಗುರ್ ಅನ್ನಾಕತ್ತೈತಿ?"

"ಹ್ಞೂಂ, ಇಟ್ಟೀನಿ."

"ಗೇರ್ ಬಾಕ್ಸ್ ಸುಡತೈತಿ, ದಡ್ಡಿ! ಎಣ್ಣಿ ಕಾಯತೈತಿ!"

"ಎಣ್ಣಿ ಕಾಯೋದು ನನಗ ಕಲಿಸಬ್ಯಾಡ್ರಿ. ಇದು ನಮ್ಮಪ್ಪ ಎತ್ತಿಗೆ ಹಿಡಿಯೋ ಹಗ್ಗ ಇದ್ದಂಗ. ಬಿಕ್ಕಳಿಕಿ ಬರೋವಷ್ಟು ಹೊತ್ತು ಹಿಡಿತೀನಿ, ಬಿಡ್ತೀನಿ."

 ಅವರ ದನಿ ತಗ್ಗಿತು. "ಬಿಕ್ಕಳಿಕಿ ಅಂದ್ರ ಬಿಕ್ಕಳಿಕಿ ಅಷ್ಟ. ಆಕಳಿಕಿ ಆಗಬಾರದು, ತಿಳೀತಿಲ್ಲೋ?"

ಅವರು ಹೇಳಿದ್ದು ಸರಿ. ಹೆಚ್ಚು ಹೊತ್ತು ಹಿಡಿದರೆ ಒಳಗೆ ಎಣ್ಣೆ ಕಾದು ಗೇರು ಕೆಡುತ್ತದೆ ಎಂದು ಮೆಕ್ಯಾನಿಕ್ಕೂ ಆಮೇಲೆ ಹೇಳಿದ. ಈ ಬರಹ ಓದಿದವರು ಇದನ್ನು ಸಂತೆ ಬೀದಿಯಲ್ಲಿ ಮಾಡಲು ಹೋಗಬೇಡಿ. ಹಾಲು ತರಲು ಹೋಗುವವರಿಗೆ ಇದು ಬೇಕಿಲ್ಲ. ಸಂದು ಕಾಣದಿದ್ದರೆ ಯಾವ ಹಗ್ಗವೂ ನಿಮ್ಮನ್ನು ದಾಟಿಸುವುದಿಲ್ಲ, ಕಾಯಬೇಕು. ಕಾಯುವುದು ಬಾರದವರು ಬೇಗ ಹೊರಡುವುದನ್ನು ಕಲಿಯಲೇಬಾರದು.

ಸೋಮವಾರ ಬಂತು. ಎಮ್ಮೆಯ ಕೆಲಸ ಮುಗಿಸಿ, ಕಾರನ್ನು ಕಟ್ಟೆಯ ಹತ್ತಿರ ತಂದು ನಿಲ್ಲಿಸಿ, ನನ್ನ ಪಕ್ಕದ ಸೀಟಿನ ಬಾಗಿಲು ತೆಗೆದೆ.

"ಯಾರು ನಡಸೋರು?" ಎಂದರು.

"ಇಲ್ಲಿ ಇನ್ಯಾರದಾರ?"

"ನಾ ಬರಂಗಿಲ್ಲ."

"ಬ್ಯಾಡ್ರಿ. ನಾ ಒಬ್ಬಾಕಿನ ಹೋಗಿ ನಿಮ್ಮ ವ್ಯಾಯಾಮ ಮಾಡಿ ಬರ್ತೀನಿ."

ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿದ್ದು ಕೇಳಿಸಿತು. ಬಂದರು. ಕೂತರು. ಬೆಲ್ಟು ಹಾಕಲು ಬಗ್ಗಿದೆ, "ನನಗ ಗೊತ್ತೈತಿ ಬಿಡು" ಎಂದು ಕೈ ಕೊಡವಿ, ಹಾಕಿಕೊಳ್ಳಲು ಬಾರದೆ, ಬೆಲ್ಟಿನ ತುದಿಯನ್ನು ನನ್ನ ಕೈಗೇ ಕೊಟ್ಟರು. ಹಾಕಿದೆ.

ದಾಟಿನ ಹತ್ತಿರ ನಿಲ್ಲಿಸಿದೆ. ಲಾರಿಯ ಹಿಂದೆ ಲಾರಿ. ನಮ್ಮ ಹಿಂದೆ ಒಂದು ಟ್ರ್ಯಾಕ್ಟರು ಬಂದು ನಿಂತು ಹಾರನ್ನು ಹೊಡೆಯತೊಡಗಿತು. ನನ್ನ ಅಂಗೈ ಒದ್ದೆಯಾಯಿತು. ಸೀರೆಗೆ ಒರೆಸಿಕೊಂಡೆ. ಅವರು ಹೊರಳಿ ಟ್ರ್ಯಾಕ್ಟರಿನವನ ಕಡೆ ಒಂದು ನೋಟ ಬಿಟ್ಟರು. ಅವನು ನೋಡಿದನೋ ಇಲ್ಲವೋ.

"ಅಂವ ಹೊಡಕೊಳ್ಳಲಿ. ನೀ ನಿಂದ್ರು. ಬಲಕ್ಕ ಐತಿ... ಇನ್ನೂ ಐತಿ... ಅದರ ಹಿಂದ ಒಂದು ಟ್ಯಾಂಕರ್ ಐತಿ. ಟ್ಯಾಂಕರ್ ಹೋದ ಮ್ಯಾಲೆ ಖಾಲಿ. ಹಿಡಿ ನಿನ್ನ ಹಗ್ಗ."

ಎಡಗಾಲು ಬಿಗಿ ಹಿಡಿದೆ. ಬಲಗಾಲು ಒತ್ತಿದೆ. ಕಾರಿನ ಮೈ ಬಿಗಿಯಿತು. ಟ್ಯಾಂಕರು ಕಾರನ್ನೇ ಅಲುಗಿಸಿ ದಾಟಿ ಹೋಯಿತು.

"ರೈಟ್!" ಎಂದರು.

ಅಷ್ಟು ವರ್ಷ ಕಂಡಕ್ಟರು ರೈಟ್ ಎಂದಾಗ ಬಸ್ಸು ಎಬ್ಬಿಸಿದ ಮನುಷ್ಯ ತಾವೇ ರೈಟ್ ಎಂದರು. ಬ್ರೇಕು ಬಿಟ್ಟೆ. ಕಾರು ಎದ್ದಿತು. ಅದೇ ಗಳಿಗೆಯಲ್ಲಿ ಅವರ ಕಡೆಯಿಂದ ಟಪ್ ಎಂದು ಒಂದು ಸದ್ದು ಬಂತು. ನೋಡಲು ಪುರಸೊತ್ತಿಲ್ಲ. ನಡುವಿನ ಜಾಗಕ್ಕೆ ಬಂದೆ, ಮೂತಿಯೂ ಬಾಲವೂ ಒಳಗೆ. ಈಗ ಎಡಗಡೆಯವು ಹೋಗಬೇಕು. ಮತ್ತೆ ಹಗ್ಗ, ಮತ್ತೆ ಹುರುಪು. ಮತ್ತೆ "ರೈಟ್!" ಮತ್ತೆ ಟಪ್. ದಾಟಿದೆವು.

ಆಚೆಯ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ಗಿಡದ ನೆರಳಿಗೆ ನಿಲ್ಲಿಸಿದೆ. ಸೀಸೆಯ ನೀರು ಕುಡಿದೆ. ಅವರು ಹಿಂದೆ ತಿರುಗಿ ಟ್ರ್ಯಾಕ್ಟರು ದಾಟಿತೇ ಎಂದು ನೋಡಿದರು. ಹೊಗಳುವುದು ಅವರಿಗೆ ಮೊದಲೇ ಬರುತ್ತಿರಲಿಲ್ಲ. ಅದಕ್ಕೆ ಲಕ್ವ ಕಾರಣ ಅಲ್ಲ. ಮತ್ತೆ ಹೊರಟೆ. ಮತ್ತೆ ಟಪ್. ಈ ಸಲ ನೋಡಿದೆ. ಅವರ ಎಡಗಾಲಿನ ಚಪ್ಪಲಿ ಕೆಳಗಿನ ರಬ್ಬರ್ ಚಾಪೆಯನ್ನು ಒತ್ತಿತ್ತು.

ಆ ಕಾರಿಗೆ ಕ್ಲಚ್ಚೇ ಇಲ್ಲ. ಅವರು ಕೂತದ್ದು ಡ್ರೈವರ್ ಸೀಟೂ ಅಲ್ಲ. ಆದರೂ ಗಾಡಿ ಎದ್ದಾಗಲೆಲ್ಲ ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಅದು ಅವರಿಗೇ ತಿಳಿದಿರಲಿಲ್ಲ. ಕಿಟಕಿಯಿಂದ ಯಾರದೋ ಮೆಕ್ಕೆಜೋಳ ನೋಡುತ್ತ ಕೂತಿದ್ದರು.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಕಾಲು ನಾಚಿಕೊಂಡು ನಿಂತುಬಿಟ್ಟರೆ? ಅಲ್ಲಿಂದ ಹಗರಿಬೊಮ್ಮನಹಳ್ಳಿಯ ತನಕ ನಿಲ್ಲಿಸಬೇಕಾದ ಕಡೆ, ನಿಲ್ಲಿಸಬಾರದ ಕಡೆ, ಎಲ್ಲ ಕಡೆ ನಿಲ್ಲಿಸಿದೆ. ಹುಣಸೆ ಮರ ಕಂಡರೆ ನಿಲ್ಲಿಸಿದೆ. ಕುರಿ ದೂರದಲ್ಲಿ ಕಂಡರೂ ನಿಲ್ಲಿಸಿದೆ.

"ಏನಾಗೇತಿ ನಿನಗ? ಇದೇನು ಹಾಲಿನ ಗಾಡಿಯೇನು, ಮನಿ ಮನಿಗೆ ನಿಲ್ಲಸಾಕ?"

"ಕಲಿಯಾಕತ್ತೀನ್ರಿ."

ಟಪ್.

ವ್ಯಾಯಾಮದ ಹುಡುಗಿ ಎಂದಿನ ಹಾಗೆ ಪಾದಕ್ಕೆ ಅಂಗೈ ಕೊಟ್ಟು, "ಒತ್ರಿ ತಾತ" ಎಂದಳು. ಇವರು ಎಂದಿನ ಹಾಗೆ ಫ್ಯಾನು ನೋಡಿದರು. ಪಾದ ಕಟ್ಟಿಗೆ. ನಾನು ಹತ್ತಿರ ಹೋಗಿ ಅವಳ ಕಿವಿಯಲ್ಲಿ ಹೇಳಿದೆ. ಅವಳು ಕಣ್ಣರಳಿಸಿದಳು. ಅಂಗೈಯನ್ನು ಸ್ವಲ್ಪ ಓರೆ ಮಾಡಿ, ಪೆಡಲಿನ ಹಾಗೆ ಹಿಡಿದಳು. ನಾನು ಇವರ ಹಿಂದೆ ನಿಂತು, ಕಂಡಕ್ಟರ ಹಾಗೆ ಮೂಗಿನಲ್ಲಿ ಕೂಗಿದೆ:

"ರೈಟ್, ರೈಟ್!"

ಪಾದ ಒತ್ತಿತು. ದೊಡ್ಡದಾಗಿ ಅಲ್ಲ. ಹಸಿ ಹಿಟ್ಟಿಗೆ ಬೆರಳು ಒತ್ತಿದಷ್ಟು. ಆ ಹುಡುಗಿ "ಅಯ್ಯೋ ತಾತ!" ಎಂದು ಕೂಗಿದಳು. ಇವರು ತಮ್ಮ ಕಾಲನ್ನು ಬೇರೆಯವರ ಕಾಲು ನೋಡಿದ ಹಾಗೆ ನೋಡಿದರು. ಆಮೇಲೆ ಫ್ಯಾನಿನ ಕಡೆ ತಿರುಗಿ, ಬಹಳ ಹೊತ್ತು ರೆಪ್ಪೆ ಬಡಿಯದೆ ನೋಡಿ ಹೇಳಿದರು:

"ಕ್ಲಚ್ ಇಲ್ಲದ ಗಾಡಿ ಒಂದು ಗಾಡಿಯೇನ್ರಿ."

ದಿನಾಲೂ ಹೀಗೆ ಮಾಡಿಸಿರಿ, ಎಷ್ಟಾದರೆ ಅಷ್ಟು ಒಳ್ಳೆಯದು ಎಂದು ಹುಡುಗಿ ಹೇಳಿ ಕಳಿಸಿದಳು.

ಸಂಜೆ ಕೊಟ್ರೇಶ ಕೀಲಿಗೆ ಬಂದ. ನಾವು ಹೋಗಿ ಬಂದದ್ದನ್ನು ಅವನು ನಂಬಲಿಲ್ಲ. ಮಾವನನ್ನು ಕೇಳಿದ. ಅವರು, "ಹೋಗಿ ಬಂದ್ವಿ. ಲಾರಿಯವರು ಯಾರೂ ಬೈಲಿಲ್ಲ" ಎಂದರು. ಅದು ಅವರ ಹೊಗಳಿಕೆ, ನಾನು ತೆಗೆದುಕೊಂಡೆ.

"ಆದ್ರ ಅತ್ತಿ, ಹರಪನಹಳ್ಳಿಯವರಿಗೆ ಮಾತು ಕೊಟ್ಟೀನಲ್ಲ?"

"ನಿಮ್ಮ ಮಾವನ ಕಾಲು ಆ ಕಾರಿನ್ಯಾಗ ಸಿಕ್ಕೈತಿ. ಕಾಲು ಬಿಟ್ಟು ಬರೇ ಕಾರು ಒಯ್ಯಾಕ ಆದ್ರ ಒಯ್ಯಿ."

ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಕೇಳಿ, ತಲೆ ಕೆರೆದುಕೊಂಡು, ಕೀಲಿ ನನ್ನ ಹತ್ತಿರವೇ ಬಿಟ್ಟು, ಕೊಟ್ಟೂರಿನ ಬಸ್ಸು ಹಿಡಿಯಲು ಎದ್ದ. ಹೋಗುವಾಗ ಹೊಸ್ತಿಲ ಮೇಲೆ ನಿಂತು ಮತ್ತೆ ಮಾತು ಶುರು ಮಾಡಿದ. ಅಳಿಯನಾದರೂ ನೆಂಟನೇ.

ಮರುದಿನ ಮಂಗಳವಾರ. ಎಲ್ಲಿಗೂ ಹೋಗುವ ಕೆಲಸ ಇರಲಿಲ್ಲ. ಬೆಳಿಗ್ಗೆ ಎದ್ದು, ಸಗಣಿ ಬಾಚಿ, ಹಾಲು ಕರೆದು, ಅವರನ್ನು ಕಾರಿನಲ್ಲಿ ಕೂರಿಸಿದೆ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ."

ಅಂಗಳದಲ್ಲೇ ನಾಲ್ಕು ಮಾರು ಮುಂದೆ ಬಿಟ್ಟೆ, ನಿಲ್ಲಿಸಿದೆ. ಮತ್ತೆ ಬಿಟ್ಟೆ, ನಿಲ್ಲಿಸಿದೆ. ಬಣವೆಯ ತನಕ ಹೋದರೆ ಹಿಂದಕ್ಕೆ ತಂದೆ, ಮತ್ತೆ ಶುರು ಮಾಡಿದೆ. ಹಗ್ಗ ಬಿಗಿಯುವ ಅವಸರ ಏನೂ ಇರಲಿಲ್ಲ, ಸುಮ್ಮನೆ ಮೆಲ್ಲಗೆ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ತಲೆ ಹಾಕಿ, "ಏನ್ ಈರಮ್ಮ, ಮುಂಜಾನಿ ಮುಂಜಾನಿ ಕಾರು ಕೆಟ್ಟೈತೇನ್?" ಎಂದಳು.

"ಕಾರು ಚೊಲೊ ಐತೆವ್ವ" ಎಂದು ಹೇಳಿ, ಅವರ ಎಡಗಾಲಿನ ಮೇಲೆ ಕಣ್ಣಿಟ್ಟು, "ರೈಟ್" ಎಂದು, ಮತ್ತೊಮ್ಮೆ ಬ್ರೇಕು ಬಿಟ್ಟೆ.